ಸೋತು ಸುಣ್ಣ ಆಗಿರೋ ಕಾಲೇಜ್ ಫುಟ್‌ಬಾಲ್ ಪ್ರೋಗ್ರಾಂನ ಮೇಲೆತ್ತೋದು ಹೇಗೆ? ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಮ್ಯಾನ್‌ಹ್ಯಾಟನ್ ಅಂತ ಒಂದು ಊರಿದೆ, ನ್ಯೂಯಾರ್ಕ್‌ದಲ್ಲ, ಇದು ಬೇರೆ, ಸುತ್ತಲೂ ಗುಡ್ಡ, ಹುಲ್ಲುಗಾವಲು, ದನ, ಗೋಧಿ. ನಾನು ಅಲ್ಲೇ ಓದಿದ್ದು. ಊರಿನ ಜನಸಂಖ್ಯೆ ಐವತ್ತು ಸಾವಿರ ಚಿಲ್ಲರೆ, ಅಲ್ಲಿನ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ ಸ್ಟೇಡಿಯಂನಲ್ಲೂ ಹತ್ರಹತ್ರ ಅಷ್ಟೇ ಜನ ಕೂರ್ತಾರೆ. ಶನಿವಾರ ಮ್ಯಾಚ್ ಅಂದ್ರೆ ನಮ್ಮೂರ ತೇರಿನ ದಿನ ಇದ್ದ ಹಾಗೆ, ಎಲ್ಲರ ಮೈಮೇಲೂ ನೇರಳೆ ಬಣ್ಣ. ಆ ಸ್ಟೇಡಿಯಂಗೆ ಒಬ್ಬ ಕೋಚ್ ಹೆಸರು ಇಟ್ಟಿದ್ದಾರೆ, ಬಿಲ್ ಸ್ನೈಡರ್. ಯಾಕೆ ಅಂತ ತಿಳ್ಕೊಳ್ಳೋಕೆ ಹೋಗಿ ನಾನು ಈ ಆಟದೊಳಗೆ ಬಿದ್ದೆ. ಆಮೇಲೆ ಫ್ರೆಂಡ್ಸು, ಕಸಿನ್ಸು, ಊರಲ್ಲಿರೋ ನಮ್ಮ ಮಾವ ಎಲ್ಲರೂ ಕೇಳಿದ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಹಾಕಿದೀನಿ.

ಇದು ಯಾವ ಫುಟ್‌ಬಾಲ್? ನಮ್ಮ ಕಾಲಲ್ಲಿ ಒದೆಯೋ ಆಟಾನಾ?

ಅಲ್ಲ. ಇದು ಅಮೆರಿಕನ್ ಫುಟ್‌ಬಾಲ್, ಮೊಟ್ಟೆ ಆಕಾರದ ಚೆಂಡು, ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು. ಒಂದೊಂದು ಕಡೆ 11 ಜನ, ನಾಲ್ಕು ಸಲದೊಳಗೆ 10 ಗಜ ಮುಂದೆ ಹೋಗ್ಬೇಕು, ಆಗ್ಲಿಲ್ಲ ಅಂದ್ರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ರೆ ಮುಂದಿನದು ಅರ್ಥ ಆಗತ್ತೆ.

ಟೀಮ್ ಅನ್ನೋದು ಬಿಟ್ಟು ಪ್ರೋಗ್ರಾಂ ಪ್ರೋಗ್ರಾಂ ಅಂತಾರಲ್ಲ, ಯಾಕೆ?

ಟೀಮ್ ಅಂದ್ರೆ ಈ ವರ್ಷ ಆಡ್ತಿರೋ ಹುಡುಗರು. ಅವರು ನಾಲ್ಕೈದು ವರ್ಷಕ್ಕೆ ಡಿಗ್ರಿ ಮುಗಿಸಿ ಹೊರಟುಹೋಗ್ತಾರೆ. ಪ್ರೋಗ್ರಾಂ ಅಂದ್ರೆ ಅವರು ಹೋದ್ಮೇಲೂ ಉಳಿಯೋದು, ಕೋಚ್‌ಗಳು, ಹೈಸ್ಕೂಲ್‌ಗಳಿಂದ ಹುಡುಗರನ್ನ ಹುಡುಕಿ ತರೋ ರಿಕ್ರೂಟಿಂಗ್, ಜಿಮ್ಮು, ಊಟದ ವ್ಯವಸ್ಥೆ, ಟ್ಯೂಷನ್ನು, ದುಡ್ಡು ಕೊಡೋ ಹಳೇ ವಿದ್ಯಾರ್ಥಿಗಳು, ಯೂನಿವರ್ಸಿಟಿ ಪ್ರೆಸಿಡೆಂಟ್‌ನ ಮನಸ್ಸು, ಇಷ್ಟೂ ಸೇರಿ ಪ್ರೋಗ್ರಾಂ. ಅದಕ್ಕೇ ಒಳ್ಳೆ ಆಟಗಾರ ಒಬ್ಬ ಬಂದ ತಕ್ಷಣ ಇದು ರಿಪೇರಿ ಆಗಲ್ಲ, ಅವನು ಆಡ್ತಾನೆ, ಹೋಗ್ತಾನೆ, ಮನೆ ಹಳೇ ಮನೇನೇ.

ಕ್ಯಾನ್ಸಸ್ ಸ್ಟೇಟ್ ನಿಜವಾಗ್ಲೂ ಅಷ್ಟು ಕೆಟ್ಟದಾಗಿತ್ತಾ?

ಇನ್ನೂ ಕೆಟ್ಟದಾಗಿತ್ತು. ಮೇಲಿನ ದರ್ಜೆಯ ಕಾಲೇಜುಗಳಲ್ಲಿ 500 ಮ್ಯಾಚ್ ಸೋತ ಮೊದಲ ಪ್ರೋಗ್ರಾಂ ಇದು. 1988ರ ಕೊನೆಗೆ ಸ್ನೈಡರ್ ಕೆಲಸ ಒಪ್ಕೊಂಡಾಗ ಹಿಂದಿನ 27 ಮ್ಯಾಚಲ್ಲಿ ಒಂದೂ ಗೆದ್ದಿರ್ಲಿಲ್ಲ, 26 ಸೋಲು, ಒಂದು ಡ್ರಾ. ಆ ಡ್ರಾ ಕೂಡ 1987ರಲ್ಲಿ ಅದೇ ರಾಜ್ಯದ ಇನ್ನೊಂದು ಕಾಲೇಜು, ಕ್ಯಾನ್ಸಸ್ ಯೂನಿವರ್ಸಿಟಿ ಜೊತೆ, 17-17, ಅವರೂ ಆ ವರ್ಷ ನೆಲಕಚ್ಚಿದ್ರು. ಸೀಸನ್ ಚೆನ್ನಾಗಿ ಆಡಿದವರಿಗೆ ಕೊನೆಗೆ ಸಿಗೋ ಬೌಲ್ ಗೇಮ್ ಅಂತ ಇರತ್ತೆ, ಇವರ ಇಡೀ ಇತಿಹಾಸದಲ್ಲಿ ಅದು ಸಿಕ್ಕಿದ್ದು ಒಂದೇ ಸಲ, 1982ರಲ್ಲಿ, ಅದನ್ನೂ ಸೋತ್ರು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ 1989ರಲ್ಲಿ ಇವರ ಬಗ್ಗೆ ದೊಡ್ಡ ಲೇಖನ ಬರೆದು ದೇಶದ ಅತಿ ಕೆಟ್ಟ ಪ್ರೋಗ್ರಾಂ ಅಂತ ಮುದ್ರೆ ಒತ್ತಿತು. ಇವರು ಆಡ್ತಿದ್ದ ಬಿಗ್ ಎಯ್ಟ್ ಕಾನ್ಫರೆನ್ಸ್‌ನಲ್ಲಿ, ಅಂದ್ರೆ ಎಂಟು ಕಾಲೇಜುಗಳ ಗುಂಪಲ್ಲಿ, ನೆಬ್ರಾಸ್ಕಾ, ಒಕ್ಲಹೋಮಾ ಥರದ ದೈತ್ಯರು. ಇವರು ಅಲ್ಲಿ ಉಳಿಯೋದೇ ಡೌಟು ಅನ್ನೋ ಮಾತು ನಡೀತಿತ್ತು.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಆ ಹುಡುಗರ ಜಾಗದಲ್ಲಿ ನಿಂತು ನೋಡಿ. ಎರಡು ವರ್ಷ ದಿನಾ ಬೆಳಗ್ಗೆ ಎದ್ದು ಪ್ರಾಕ್ಟೀಸ್ ಮಾಡಿದೀರ, ಒಂದೂ ಗೆಲುವಿಲ್ಲ, ಕ್ಯಾಂಪಸ್‌ನಲ್ಲಿ ಟೀಮ್ ಜಾಕೆಟ್ ಹಾಕ್ಕೊಂಡು ಓಡಾಡೋಕೂ ಮನಸ್ಸಿಲ್ಲ. ಅಲ್ಲಿಂದ ಶುರು ಮಾಡ್ಬೇಕು.

ಮೊದಲ ಹೆಜ್ಜೆ ಏನು, ಕೋಚ್ ಚೇಂಜ್ ಮಾಡೋದಾ?

ಎಲ್ಲರೂ ಹಾಗೇ ಅನ್ಕೊಳ್ತಾರೆ. ಕೋಚ್‌ಗಳನ್ನ ಕ್ಯಾನ್ಸಸ್ ಸ್ಟೇಟ್ ಎಷ್ಟೋ ಸಲ ಚೇಂಜ್ ಮಾಡಿತ್ತು, ಏನೂ ಆಗಿರ್ಲಿಲ್ಲ. ನನ್ನ ಪ್ರಕಾರ ಮೊದಲ ಹೆಜ್ಜೆ ಮೇಲೆ ಕೂತವರದ್ದು. 1986ರಲ್ಲಿ ಜಾನ್ ವೇಫಾಲ್ಡ್ ಅಂತ ಹೊಸ ಪ್ರೆಸಿಡೆಂಟ್ ಬಂದ್ರು, ಯೂನಿವರ್ಸಿಟಿ ಬೆಳೀಬೇಕು ಅಂದ್ರೆ ಫುಟ್‌ಬಾಲ್ ಕೂಡ ಸರಿಹೋಗ್ಬೇಕು ಅಂತ ಅವರು ನಿರ್ಧಾರ ಮಾಡಿದ್ರು. ಅಥ್ಲೆಟಿಕ್ ಡೈರೆಕ್ಟರ್ ಸ್ಟೀವ್ ಮಿಲ್ಲರ್ ಹೋಗಿ ಸ್ನೈಡರ್‌ನ ಕರ್ಕೊಂಡು ಬಂದ್ರು. ಆಗ ಸ್ನೈಡರ್‌ಗೆ 49 ವರ್ಷ, ಅಯೋವಾ ಯೂನಿವರ್ಸಿಟಿಯಲ್ಲಿ ಹೆಡ್ ಕೋಚ್ ಹೇಡನ್ ಫ್ರೈ ಕೈಕೆಳಗೆ ಅಫೆನ್ಸ್, ಅಂದ್ರೆ ಅಟ್ಯಾಕ್ ಮಾಡೋ ಕಡೆ ನೋಡ್ಕೊಳ್ತಿದ್ದ ಅಸಿಸ್ಟೆಂಟು, ದೊಡ್ಡ ಕಾಲೇಜಲ್ಲಿ ಹೆಡ್ ಕೋಚ್ ಆಗಿ ಕೆಲಸ ಮಾಡಿರ್ಲೇ ಇಲ್ಲ. ದೊಡ್ಡ ಹೆಸರಿನ ಹಿಂದೆ ಹೋಗ್ದೇ, ಈ ಕೆಲಸವನ್ನೇ ಬದುಕು ಅಂತ ಮಾಡೋ ಮನುಷ್ಯನ್ನ ಹುಡುಕಿದ್ರು ನೋಡಿ, ಅದು ಸರಿಯಾದ ಆಯ್ಕೆ.

ಪ್ರೆಸಿಡೆಂಟು, ಡೈರೆಕ್ಟರು, ಕೋಚು, ಮೂರೂ ಜನ ಒಂದೇ ದಿಕ್ಕಿಗೆ ನೋಡ್ತಿರ್ಬೇಕು. ಒಬ್ಬ ಬೇರೆ ಕಡೆ ನೋಡಿದ್ರೂ ಗಾಡಿ ಮುಂದೆ ಹೋಗಲ್ಲ.

ಸ್ನೈಡರ್ ಬಂದ ತಕ್ಷಣ ಏನೇನ್ ಮಾಡಿದ್ರು?

ಒಂದು, ಲೋಗೋ ಬದಲಾಯಿಸಿದ್ರು. ಸಣ್ಣ ವಿಷಯ ಅನ್ಸಬಹುದು. ಅಲ್ಲೇ ಆರ್ಟ್ ಪಾಠ ಮಾಡ್ತಿದ್ದ ಟಾಮ್ ಬುಕ್‌ವಾಲ್ಟರ್ ಬರೆದ ಕಾಡುಬೆಕ್ಕಿನ ಮುಖ, ಪವರ್‌ಕ್ಯಾಟ್ ಅಂತ ಕರೀತಾರೆ, 1989ರಲ್ಲಿ ಹೆಲ್ಮೆಟ್ ಮೇಲೆ ಬಂತು. ಹಳೇ ಹೆಲ್ಮೆಟ್ ನೋಡಿದ್ರೆ ಸೋಲೇ ನೆನಪಾಗ್ತಿತ್ತು, ಹೊಸದಕ್ಕೆ ಅಂಥ ನೆನಪೇ ಇರ್ಲಿಲ್ಲ. ಈಗ ಆ ಊರಲ್ಲಿ ಅಂಗಡಿ, ಟ್ರಕ್ಕು, ಮನೆ ಬಾಗಿಲು, ಎಲ್ಲಿ ನೋಡಿದ್ರೂ ಅದೇ ಬೆಕ್ಕು.

ಎರಡು, ಗುರಿಗಳು. 16 ಗುರಿಗಳ ಪಟ್ಟಿ ಇತ್ತು, ಬದ್ಧತೆ, ಸ್ವಾರ್ಥ ಬಿಡೋದು, ಒಗ್ಗಟ್ಟು, ದಿನದಿನಕ್ಕೂ ಸುಧಾರಿಸೋದು, ಶಿಸ್ತು, ತಪ್ಪು ಕಮ್ಮಿ ಮಾಡೋದು, ಸೋಲನ್ನ ಒಪ್ಕೊಳ್ದೇ ಇರೋದು, ಹೀಗೆ. ಆ ಪಟ್ಟೀಲಿ ಇಷ್ಟು ಮ್ಯಾಚ್ ಗೆಲ್ಬೇಕು ಅಂತಾಗ್ಲಿ ಕಪ್ ಎತ್ಬೇಕು ಅಂತಾಗ್ಲಿ ಒಂದು ಸಾಲೂ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ಎರಡು ವರ್ಷದಿಂದ ಗೆಲುವೇ ಕಾಣದ ಹುಡುಗನ ಹತ್ರ ಹೋಗಿ ಎಂಟು ಮ್ಯಾಚ್ ಗೆಲ್ಬೇಕು ಅಂದ್ರೆ ಅವನು ನಂಬಲ್ಲ, ತಲೆ ಆಡಿಸ್ತಾನೆ ಅಷ್ಟೇ. ಆದ್ರೆ ನಿನ್ನೆಗಿಂತ ಇವತ್ತು ಒಂಚೂರು ಚೆನ್ನಾಗಿ ಬ್ಲಾಕ್ ಮಾಡು ಅಂದ್ರೆ ಅದು ಅವನ ಕೈಲಿರೋದು, ಸಂಜೆ ಹೊತ್ತಿಗೆ ಆಯ್ತೋ ಇಲ್ವೋ ಅಂತ ಅವನಿಗೇ ಗೊತ್ತಾಗತ್ತೆ, ಮಾರನೇ ದಿನ ಇನ್ನೊಂಚೂರು, ಹೀಗೆ ನೂರು ದಿನ ಮಾಡಿದ್ರೆ ಆ ಹುಡುಗ ಬೇರೇನೇ ಆಗಿರ್ತಾನೆ.

ಮೂರು, ಲಾಭ ಇಲ್ದಿದ್ರೂ ಚಿಕ್ಕ ಚಿಕ್ಕ ವಿಷಯಕ್ಕೂ ಗಮನ. ಸ್ನೈಡರ್ ಕೆಲಸದ ಗಂಟೆಗಳ ಬಗ್ಗೆ ಅಲ್ಲಿ ಪುರಾಣಗಳೇ ಇವೆ, ಎಷ್ಟೋ ವರ್ಷ ದಿನಕ್ಕೆ ಒಂದೇ ಊಟ, ಅದೂ ರಾತ್ರಿ ಕೆಲಸ ಮುಗಿದ್ಮೇಲೆ. ಕೈಬರಹದ ಪತ್ರಗಳು ಬರೀತಿದ್ರು, ನೇರಳೆ ಇಂಕಲ್ಲಿ. ಎದುರು ಟೀಮಿನ ಹುಡುಗನಿಗೆ ಪೆಟ್ಟಾದ್ರೆ ಅವನಿಗೂ ಪತ್ರ ಹೋಗ್ತಿತ್ತು.

ಮೊದಲ ವರ್ಷವೇ ಗೆಲ್ಲೋಕೆ ಶುರು ಮಾಡಿದ್ರಾ?

ಇಲ್ಲ. ಮೊದಲ ಮೂರು ಮ್ಯಾಚೂ ಸೋತ್ರು, ಅಲ್ಲಿಗೆ ಗೆಲುವಿಲ್ಲದ ಮ್ಯಾಚುಗಳು 30 ಆದ್ವು. 1989ರ ಸೆಪ್ಟೆಂಬರ್ 30ಕ್ಕೆ ನಾರ್ತ್ ಟೆಕ್ಸಸ್ ಜೊತೆ ಸ್ವಂತ ಊರಲ್ಲಿ ಮ್ಯಾಚು. ಟೈಮ್ ಮುಗೀತಾ ಬಂದಿದೆ, ಹಿಂದೆ ಇದ್ದಾರೆ, ಚೆಂಡು ಎಸೆಯೋ ಆಟಗಾರ, ಅಂದ್ರೆ ಕ್ವಾರ್ಟರ್‌ಬ್ಯಾಕ್, ಕಾರ್ಲ್ ಸ್ಟ್ರಾ ಕೊನೇ ಆಟದಲ್ಲಿ ಫ್ರಾಂಕ್ ಹರ್ನಾಂಡೆಜ್‌ಗೆ ಎಸೆದ್ರು, ಟಚ್‌ಡೌನ್, 20-17. ಆ ವರ್ಷ ಗೆದ್ದಿದ್ದು ಅದೊಂದೇ, ಒಟ್ಟು 1-10, ಅಂದ್ರೆ ಒಂದು ಗೆಲುವು, ಹತ್ತು ಸೋಲು. ಕಾಗದದ ಮೇಲೆ ನೋಡಿದ್ರೆ ಹಿಂದಿನ ವರ್ಷಕ್ಕೂ ಇದಕ್ಕೂ ಒಂದೇ ಗೆಲುವಿನ ವ್ಯತ್ಯಾಸ, ಆದ್ರೆ ಆ ಊರಲ್ಲಿ ವಯಸ್ಸಾದವರನ್ನ ಕೇಳಿ, ದೊಡ್ಡ ದೊಡ್ಡ ಗೆಲುವುಗಳ ಜೊತೆಗೆ ಈ ಮ್ಯಾಚನ್ನೂ ಹೇಳ್ತಾರೆ.

ಸೋಲೋ ಟೀಮಿಗೆ ಒಳ್ಳೆ ಆಟಗಾರರು ಯಾಕೆ ಬರ್ತಾರೆ?

ಬರಲ್ಲ. ಅದೇ ಸಮಸ್ಯೆ. ಎಲ್ಲರೂ ಬೇಕು ಅನ್ನೋ ಹುಡುಗ ನೆಬ್ರಾಸ್ಕಾಗೋ ಒಕ್ಲಹೋಮಾಗೋ ಹೋಗ್ತಾನೆ. ಹಾಗಾಗಿ ಬೇರೆಯವರು ಬೇಡ ಅಂದವರನ್ನ ನೋಡ್ಬೇಕು, ಅವರಲ್ಲಿ ಇರೋದನ್ನ ಕಾಣೋ ಕಣ್ಣು ಬೇಕು.

ಸ್ನೈಡರ್ ಹಿಡಿದ ದಾರಿ ಜೂನಿಯರ್ ಕಾಲೇಜು. ಇವು ಎರಡು ವರ್ಷದ ಕಾಲೇಜುಗಳು, ಮಾರ್ಕ್ಸ್ ಕಮ್ಮಿ ಬಂದವರು, ಹೈಸ್ಕೂಲಲ್ಲಿ ಯಾರ ಕಣ್ಣಿಗೂ ಬೀಳದವರು ಅಲ್ಲಿ ಆಡ್ತಿರ್ತಾರೆ, ಕ್ಯಾನ್ಸಸ್ ರಾಜ್ಯದಲ್ಲೇ ಅಂಥ ಕಾಲೇಜು ಬೇಕಾದಷ್ಟಿವೆ. ದೊಡ್ಡ ಟೀಮುಗಳು ಆಗ ಆ ಕಡೆ ಹೆಚ್ಚು ತಲೆ ಹಾಕ್ತಿರ್ಲಿಲ್ಲ. ಅಲ್ಲಿಂದ ಬರೋ ಹುಡುಗನಿಗೆ 20 ವರ್ಷ ಆಗಿರತ್ತೆ, ಮೈ ಬೆಳೆದಿರತ್ತೆ, ಬಂದ ದಿನಾನೇ ಆಡೋಕೆ ರೆಡಿ. ಮೈಕಲ್ ಬಿಷಪ್ ಅನ್ನೋ ಕ್ವಾರ್ಟರ್‌ಬ್ಯಾಕ್ ಟೆಕ್ಸಸ್‌ನ ಬ್ಲಿನ್ ಅನ್ನೋ ಜೂನಿಯರ್ ಕಾಲೇಜಿಂದ ಬಂದವರು, 1998ರಲ್ಲಿ ಇಡೀ ದೇಶದ ಬೆಸ್ಟ್ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ವೋಟಿಂಗಲ್ಲಿ ಎರಡನೇ ಸ್ಥಾನಕ್ಕೆ ಬಂದ್ರು.

ಇನ್ನೊಂದು ದಾರಿ, ಸ್ವಂತ ರಾಜ್ಯದ ಹುಡುಗರು. ಡ್ಯಾರೆನ್ ಸ್ಪ್ರೋಲ್ಸ್ ಕ್ಯಾನ್ಸಸ್‌ನ ಒಲೇಥ ಊರಿನವರು, ಎತ್ತರ ಐದೂವರೆ ಅಡಿ, ಇಷ್ಟು ಕುಳ್ಳಗಿದ್ರೆ ಆಗಲ್ಲ ಅಂದವರೇ ಜಾಸ್ತಿ. ಜೋರ್ಡಿ ನೆಲ್ಸನ್ ಸ್ಕಾಲರ್‌ಶಿಪ್ಪೇ ಇಲ್ಲದೆ ಬಂದ ಹುಡುಗ, ಅಂಥವರನ್ನ ವಾಕ್-ಆನ್ ಅಂತಾರೆ, ರೈತರ ಮನೆಯವರು, ಮೊದಲು ಡಿಫೆನ್ಸ್‌ನಲ್ಲಿದ್ದೋರು ಚೆಂಡು ಹಿಡಿಯೋ ರಿಸೀವರ್ ಆದ್ರು. ಇಬ್ಬರೂ ಮುಂದೆ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿದ್ರು.

ಸುಲಭದ ಟೀಮುಗಳ ಜೊತೆ ಮ್ಯಾಚ್ ಫಿಕ್ಸ್ ಮಾಡ್ಕೊಂಡು ಗೆದ್ರು ಅಂತಾರಲ್ಲ?

ಫಿಕ್ಸ್ ಅನ್ನೋ ಪದ ಇಲ್ಲಿ ಬೇಡ, ತಪ್ಪು ಅರ್ಥ ಬರತ್ತೆ. ಕಾನ್ಫರೆನ್ಸ್ ಒಳಗಿನ ಮ್ಯಾಚುಗಳು ನಮ್ಮ ಕೈಲಿಲ್ಲ, ಹೊರಗಿನ ಮೂರ್ನಾಕು ಮ್ಯಾಚು ಯಾರ ಜೊತೆ ಆಡ್ಬೇಕು ಅನ್ನೋದು ಕಾಲೇಜೇ ಆರಿಸ್ಕೊಳ್ಳೋದು. ದುರ್ಬಲ ಟೀಮುಗಳು ಏನ್ಮಾಡ್ತವೆ ಅಂದ್ರೆ ದುಡ್ಡಿಗೋಸ್ಕರ ದೊಡ್ಡವರ ಊರಿಗೆ ಹೋಗಿ ಹೊಡೆಸ್ಕೊಂಡು ಬರ್ತವೆ. ಸ್ನೈಡರ್ ಉಲ್ಟಾ ಮಾಡಿದ್ರು, ಗೆಲ್ಲೋಕೆ ಸಾಧ್ಯ ಇರೋ ಟೀಮುಗಳನ್ನ ತಮ್ಮೂರಿಗೆ ಕರೆಸಿದ್ರು. ಇದಕ್ಕೆ ಟೀಕೆ ಬಂತು, ತುಂಬಾ ಬಂತು. ನಾನು ಸ್ನೈಡರ್ ಪರ. ಗೆಲ್ಲೋದು ಕೂಡ ಕಲೀಬೇಕಾದ ವಿದ್ಯೆ, ಕೊನೇ ಹತ್ತು ನಿಮಿಷ ಮುಂದಿದ್ದಾಗ ಹೇಗೆ ಆಡೋದು ಅಂತ ಯಾವತ್ತೂ ಮುಂದೆ ಇರದವನಿಗೆ ಗೊತ್ತಿರಲ್ಲ.

ಬಲ ಬಂದ್ಮೇಲೂ ಅದನ್ನೇ ಮುಂದುವರಿಸಿದ್ರೆ ಹೆಸರಿಗೆ ಪೆಟ್ಟು ಬೀಳತ್ತೆ ಅನ್ನೋದೂ ನಿಜ. 1998ರಲ್ಲಿ ಎಲ್ಲ ಗೆದ್ದು, ಬಿಗ್ ಎಯ್ಟ್ ಜಾಗಕ್ಕೆ ಬಂದಿದ್ದ ಬಿಗ್ 12 ಕಾನ್ಫರೆನ್ಸ್‌ನ ಫೈನಲ್‌ಗೆ ಬಂದ್ರು, ಟೆಕ್ಸಸ್ ಎ ಅಂಡ್ ಎಂ ಜೊತೆ ಎರಡು ಓವರ್‌ಟೈಮ್ ಆಗಿ 36-33 ಸೋತ್ರು, ರ‍್ಯಾಂಕಿಂಗಲ್ಲಿ ಮೂರನೇ ಸ್ಥಾನದಲ್ಲಿದ್ರೂ ದೊಡ್ಡ ಬೌಲ್‌ಗಳು ಯಾವೂ ಕರೀಲಿಲ್ಲ, ಅಲಾಮೋ ಬೌಲ್‌ಗೆ ಹೋಗ್ಬೇಕಾಯ್ತು. ಆಮೇಲೆ ಅಂಥ ಅನ್ಯಾಯ ಆಗ್ಬಾರ್ದು ಅಂತ ರೂಲೇ ಬದಲಾಯ್ತು, ಜನ ಅದನ್ನ ಕ್ಯಾನ್ಸಸ್ ಸ್ಟೇಟ್ ರೂಲ್ ಅಂತಾನೇ ಕರೀತಾರೆ.

ಎಷ್ಟು ವರ್ಷ ಬೇಕು?

ಲೆಕ್ಕ ನೋಡಿ. 1989ರಲ್ಲಿ 1-10, 1990ರಲ್ಲಿ 5-6, 1991ರಲ್ಲಿ 7-4, 1992ರಲ್ಲಿ ಮತ್ತೆ 5-6, 1993ರಲ್ಲಿ 9-2-1 (ಕೊನೇದು ಡ್ರಾ), ಕಾಪರ್ ಬೌಲ್‌ನಲ್ಲಿ ವಯೋಮಿಂಗ್‌ನ 52-17 ಹೊಡೆದ್ರು. ಅಲ್ಲಿಂದ ಸತತ 11 ವರ್ಷ ಬೌಲ್ ಗೇಮ್. 1997ರಿಂದ 2003ರವರೆಗಿನ ಏಳು ವರ್ಷದಲ್ಲಿ ಆರು ಸಲ 11 ಗೆಲುವು. 2003ರಲ್ಲಿ ಫೈನಲ್‌ನಲ್ಲಿ ಒಕ್ಲಹೋಮಾನ 35-7 ಸೋಲಿಸಿ ಬಿಗ್ 12 ಚಾಂಪಿಯನ್.

ಇದರಲ್ಲಿ ನೀವು ನೋಡ್ಬೇಕಾದ್ದು 1992. ನಾಲ್ಕನೇ ವರ್ಷ ಹಿಂದೆ ಬಿದ್ರು. ಈಗಿನ ಕಾಲ ಆಗಿದ್ರೆ ಆ ವರ್ಷವೇ ಕೋಚ್‌ನ ತೆಗೀರಿ ಅಂತ ಗಲಾಟೆ ಶುರುವಾಗಿರೋದು. ಅವತ್ತು ಯಾರೂ ಹೆದರ್ಲಿಲ್ಲ.

ರಿಸಲ್ಟ್ ಬರ್ಲಿಲ್ಲ ಅಂದ್ರೆ ಕೋಚ್‌ನ ಬೇಗ ತೆಗೆಯೋದೇ ಒಳ್ಳೇದಲ್ವಾ?

ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಕಡೆ ನೋಡಿ. ಲಾರೆನ್ಸ್ ಊರಿನ ಕ್ಯಾನ್ಸಸ್ ಯೂನಿವರ್ಸಿಟಿ, ಕ್ಯಾನ್ಸಸ್ ಸ್ಟೇಟಿನ ಬದ್ಧ ಎದುರಾಳಿ. ಮಾರ್ಕ್ ಮ್ಯಾಂಜಿನೋ, ಹಿಂದೆ ಸ್ನೈಡರ್ ಹತ್ರ ಅಸಿಸ್ಟೆಂಟ್ ಆಗಿದ್ದೋರೇ, ಅಲ್ಲಿ 2007ರಲ್ಲಿ 12-1 ಮಾಡಿ ಆರೆಂಜ್ ಬೌಲ್ ಗೆದ್ರು. 2009ರ ಕೊನೆಗೆ ಅವರು ಹೊರಟ್ರು. ಟರ್ನರ್ ಗಿಲ್ ಬಂದ್ರು, ಎರಡೇ ವರ್ಷಕ್ಕೆ ಔಟ್. ಚಾರ್ಲಿ ವೈಸ್ ಬಂದ್ರು, ಆಮೇಲೆ ಡೇವಿಡ್ ಬೀಟಿ, ಆಮೇಲೆ ಲೆಸ್ ಮೈಲ್ಸ್. ಪ್ರತಿ ಕೋಚ್ ಬಂದಾಗ್ಲೂ ಹೊಸ ಪದ್ಧತಿ, ಹೊಸ ಥರದ ಹುಡುಗರು, ಹಿಂದಿನವರು ತಂದ ಹುಡುಗರು ಯಾರಿಗೂ ಬೇಡವಾದವರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೂ ಗೆಲುವಿನ ಸೀಸನ್ ಇಲ್ಲ. 2021ರಲ್ಲಿ ಲ್ಯಾನ್ಸ್ ಲೈಪೋಲ್ಡ್ ಬಂದ್ರು, ಮೂರನೇ ದರ್ಜೆಯ ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ ಆರು ನ್ಯಾಷನಲ್ ಚಾಂಪಿಯನ್‌ಶಿಪ್ ಗೆದ್ದವರು. ಮೊದಲ ವರ್ಷ 2-10, ಆ ಎರಡರಲ್ಲಿ ಒಂದು ಟೆಕ್ಸಸ್ ಯೂನಿವರ್ಸಿಟಿನ ಅವರ ಊರಲ್ಲೇ 57-56 ಸೋಲಿಸಿದ್ದು. ಆಮೇಲೆ 6-7, ಆಮೇಲೆ 9-4.

ಕೋಚ್‌ನ ಹಗುರವಾಗಿ ತೆಗೆದ್ರೆ ಹೋಗೋದು ಒಬ್ಬ ಮನುಷ್ಯ ಮಾತ್ರ ಅಲ್ಲ, ನಾಲ್ಕು ವರ್ಷದ ರಿಕ್ರೂಟಿಂಗೂ ಅವನ ಜೊತೆ ಹೋಗತ್ತೆ.

ಅಸಿಸ್ಟೆಂಟ್ ಕೋಚ್‌ಗಳಿಂದ ಅಷ್ಟು ವ್ಯತ್ಯಾಸ ಆಗತ್ತಾ?

ತುಂಬಾ. ಹೆಡ್ ಕೋಚ್ ನೂರು ಹುಡುಗರಿಗೂ ಪಾಠ ಮಾಡೋಕಾಗಲ್ಲ. ಸ್ನೈಡರ್ ಕೈಕೆಳಗೆ ಇದ್ದವರ ಹೆಸರು ಕೇಳಿ, ಬಾಬ್ ಸ್ಟೂಪ್ಸ್, ಅವರ ತಮ್ಮ ಮೈಕ್ ಸ್ಟೂಪ್ಸ್, ಜಿಮ್ ಲೆವಿಟ್, ಮ್ಯಾಂಜಿನೋ. ಬಾಬ್ ಸ್ಟೂಪ್ಸ್ ಆಮೇಲೆ ಒಕ್ಲಹೋಮಾದಲ್ಲಿ 2000ದ ಸೀಸನ್ನಿನ ನ್ಯಾಷನಲ್ ಚಾಂಪಿಯನ್. ಬ್ರೆಂಟ್ ವೆನೆಬಲ್ಸ್ ಕ್ಯಾನ್ಸಸ್ ಸ್ಟೇಟಲ್ಲೇ ಆಡಿ ಅಲ್ಲೇ ಕೋಚಿಂಗ್ ಶುರು ಮಾಡಿದವರು, ಈಗ ಒಕ್ಲಹೋಮಾ ಹೆಡ್ ಕೋಚ್. ಗೆದ್ದ ಟೀಮಿನ ಅಸಿಸ್ಟೆಂಟ್‌ಗಳನ್ನ ಬೇರೆಯವರು ಎತ್ಕೊಂಡು ಹೋಗ್ತಾರೆ, ಅದನ್ನ ತಡೆಯೋಕಾಗಲ್ಲ, ಮುಂದಿನವರನ್ನ ಮೊದ್ಲೇ ತಯಾರು ಮಾಡಿಟ್ಕೋಬೇಕು.

ಈಗ ಟ್ರಾನ್ಸ್‌ಫರ್ ಪೋರ್ಟಲ್, ಎನ್‌ಐಎಲ್ ದುಡ್ಡು ಎಲ್ಲ ಬಂದಿದೆಯಲ್ಲ, ಹಳೇ ಕಥೆ ಈಗ ಉಪಯೋಗಕ್ಕೆ ಬರತ್ತಾ?

ನನಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು. ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಶುರುವಾಯ್ತು, ಕಾಲೇಜು ಬದಲಾಯಿಸ್ಬೇಕು ಅನ್ನೋ ಹುಡುಗ ಅದರಲ್ಲಿ ಹೆಸರು ಹಾಕಿದ್ರೆ ಬೇರೆ ಕೋಚ್‌ಗಳು ಮಾತಾಡಿಸಬಹುದು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು, ಅದೇ ಎನ್‌ಐಎಲ್. 2025ರಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಸುಮಾರು 2 ಕೋಟಿ ಡಾಲರ್.

ಹಾಗಾಗಿ ಐದು ವರ್ಷದ ಕೆಲಸ ಒಂದೆರಡು ವರ್ಷಕ್ಕೆ ಇಳೀಬಹುದು. ಇಂಡಿಯಾನಾ ನೋಡಿ. ಕ್ಯಾನ್ಸಸ್ ಸ್ಟೇಟ್ ಥರಾನೇ ಸೋಲಿನ ದೊಡ್ಡ ದಾಖಲೆ ಇಟ್ಕೊಂಡಿದ್ದ ಕಾಲೇಜು, 2023ರಲ್ಲಿ 3-9. ಆ ವರ್ಷದ ಕೊನೆಗೆ ಜೇಮ್ಸ್ ಮ್ಯಾಡಿಸನ್ ಅನ್ನೋ ಸಣ್ಣ ಪ್ರೋಗ್ರಾಂನಿಂದ ಕರ್ಟ್ ಸಿಗ್ನೆಟಿ ಬಂದ್ರು, ಅಸಿಸ್ಟೆಂಟ್‌ಗಳನ್ನೂ ಹತ್ತಕ್ಕೂ ಹೆಚ್ಚು ಆಟಗಾರರನ್ನೂ ಅಲ್ಲಿಂದಾನೇ ಕರ್ಕೊಂಡು ಬಂದ್ರು. 2024ರಲ್ಲಿ 11-2. ಮುಂದಿನ ಸೀಸನ್ 16-0, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ ಪೋರ್ಟಲ್ ಮೂಲಕ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾಗೆ ಹೈಸ್‌ಮನ್, 2026ರ ಜನವರಿಯಲ್ಲಿ ಮಯಾಮಿನ 27-21 ಸೋಲಿಸಿ ನ್ಯಾಷನಲ್ ಚಾಂಪಿಯನ್. ಇದನ್ನ ಮೂರು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ.

ಆದ್ರೆ ಪೋರ್ಟಲ್ ಇದ್ರೆ ಸಾಕು ಅಂತಲ್ಲ. ಕೊಲರಾಡೋ 2022ರಲ್ಲಿ 1-11 ಇತ್ತು. ಡಿಯಾನ್ ಸ್ಯಾಂಡರ್ಸ್ ಬಂದು ಒಂದೇ ವರ್ಷದಲ್ಲಿ 80ಕ್ಕೂ ಹೆಚ್ಚು ಹೊಸ ಹುಡುಗರನ್ನ ತುಂಬಿದ್ರು, 4-8, ಆಮೇಲೆ 9-4, ಒಳ್ಳೊಳ್ಳೆ ಆಟಗಾರರು ಎನ್‌ಎಫ್‌ಎಲ್‌ಗೆ ಹೋದ್ಮೇಲೆ 2025ರಲ್ಲಿ 3-9. ಸಿಗ್ನೆಟಿ ತಂದಿದ್ದು ಒಟ್ಟಿಗೆ ಕೆಲಸ ಮಾಡಿ ಅಭ್ಯಾಸ ಇದ್ದ ಜನರನ್ನ, ಬೇರೆಯವರ ಕಣ್ಣಿಗೆ ಬೀಳದ ಗಟ್ಟಿ ಹುಡುಗರನ್ನ. ಸ್ನೈಡರ್ ಜೂನಿಯರ್ ಕಾಲೇಜುಗಳಲ್ಲಿ ಹುಡುಕಿದ್ದೂ ಅಂಥವರನ್ನೇ, ಸಂತೆ ಬೇರೆ ಅಷ್ಟೇ.

ದುಡ್ಡಿಲ್ಲದೆ ಆಗತ್ತಾ?

ಆಗಲ್ಲ. ಜಿಮ್ಮು, ಪ್ರಾಕ್ಟೀಸ್ ಗ್ರೌಂಡು, ಅಸಿಸ್ಟೆಂಟ್‌ಗಳ ಸಂಬಳ, ಎಲ್ಲದಕ್ಕೂ ಬೇಕು. ಆದ್ರೆ ದುಡ್ಡಿರೋರೆಲ್ಲ ಗೆಲ್ಲಲ್ಲ.

ಒಂದ್ಸಲ ಮೇಲೆ ಬಂದ್ರೆ ಮತ್ತೆ ಬೀಳಲ್ವಾ?

ಬೀಳ್ತಾರೆ. ಸ್ನೈಡರ್ 2005ರಲ್ಲಿ ರಿಟೈರ್ ಆದ್ರು, ಕೊನೆಯ ಎರಡು ವರ್ಷ ಅವರದ್ದೇ ಸರಿ ಹೋಗಿರ್ಲಿಲ್ಲ. ಆಮೇಲೆ ರಾನ್ ಪ್ರಿನ್ಸ್ ಮೂರು ವರ್ಷ ಇದ್ರು, 17-20. 2009ರಲ್ಲಿ 70ರ ಹೊಸ್ತಿಲಲ್ಲಿ ಸ್ನೈಡರ್ ವಾಪಸ್ ಬಂದ್ರು. ವಯಸ್ಸಾದ ಮೇಲೆ ಹಳೇ ಕೆಲಸಕ್ಕೆ ಮರಳಿ ಹೆಸರು ಕೆಡಿಸ್ಕೊಂಡವರೇ ಹೆಚ್ಚು, ಇವರು 6-6, 7-6, 10-3 ಅಂತ ಮತ್ತೆ ಮೆಟ್ಟಿಲು ಹತ್ತಿ 2012ರಲ್ಲಿ 11-2, ಬಿಗ್ 12 ಚಾಂಪಿಯನ್, ಒಂದು ಹಂತದಲ್ಲಿ ದೇಶದ ನಂಬರ್ 1. ಒಂದೇ ಪ್ರೋಗ್ರಾಂನ ಎರಡು ಸಲ ಕಟ್ಟಿದ್ರು. 2015ರಲ್ಲಿ, ಇನ್ನೂ ಕೋಚ್ ಆಗಿದ್ದಾಗಲೇ, ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು. 2018ಕ್ಕೆ ಕೆಲಸ ಬಿಟ್ಟಾಗ ಒಟ್ಟು 215 ಗೆಲುವು. ಅವರು ಬರೋಕೆ ಮುಂಚೆ, ಶುರುವಿನಿಂದ 1988ರವರೆಗೆ, ಕ್ಯಾನ್ಸಸ್ ಸ್ಟೇಟ್ ಗೆದ್ದಿದ್ದು ಒಟ್ಟು 299.

ಇಲ್ಲಿಗೆ ಯಾಕೆ ಬಂದ್ರಿ, ಯಾಕೆ ಉಳಿದ್ರಿ, ಯಾಕೆ ವಾಪಸ್ ಬಂದ್ರಿ ಅಂದ್ರೆ ಮೂರಕ್ಕೂ ಅವರ ಉತ್ತರ ಒಂದೇ, ಇಲ್ಲಿನ ಜನರಿಗೋಸ್ಕರ ಅಂತ. ಆ ಊರಲ್ಲಿ ಇದ್ದವನಾಗಿ ನಾನು ಅದನ್ನ ನಂಬ್ತೀನಿ. ಮೊದಲ ಚಳಿಗಾಲದಲ್ಲಿ ನನ್ನ ಹತ್ರ ಸರಿಯಾದ ಕೋಟ್ ಇಲ್ಲ ಅಂತ ಗೊತ್ತಾಗಿ ಪಕ್ಕದ ಮನೆ ಅಜ್ಜಿ ತಮ್ಮ ಮಗನ ನೇರಳೆ ಜಾಕೆಟ್ ತಂದು ಕೊಟ್ಟಿದ್ರು, ಅದರ ಎದೆ ಮೇಲೂ ಪವರ್‌ಕ್ಯಾಟ್ ಇತ್ತು.

ಬದಲಾವಣೆ ಆಗ್ತಿದೆ ಅಂತ ಗೆಲುವಿಗಿಂತ ಮುಂಚೆ ಗೊತ್ತಾಗೋದು ಹೇಗೆ?

ಸೋಲನ್ನೇ ನೋಡಿ. ಎಷ್ಟರಲ್ಲಿ ಸೋತ್ರು, ಯಾವಾಗ ಸೋತ್ರು. ಮೊದಲ ಹದಿನೈದು ನಿಮಿಷಕ್ಕೇ ಮ್ಯಾಚ್ ಕೈಬಿಡ್ತಿದ್ದ ಟೀಮು ನಾಲ್ಕನೇ ಕ್ವಾರ್ಟರ್‌ವರೆಗೂ ಆಟದಲ್ಲಿ ಉಳಿದ್ರೆ ಏನೋ ಸರಿಹೋಗ್ತಿದೆ ಅಂತ ಅರ್ಥ. ನೆಬ್ರಾಸ್ಕಾ ಇವರನ್ನ 1969ರಿಂದ ಪ್ರತಿ ವರ್ಷವೂ ಸೋಲಿಸ್ತಾ ಬಂದಿತ್ತು, ಹೆಚ್ಚಿನ ಸಲ ದೊಡ್ಡ ಅಂತರದಲ್ಲಿ. 1991ರಲ್ಲಿ ನೆಬ್ರಾಸ್ಕಾದ ಊರಲ್ಲೇ ಆಡಿ ಸೋತಿದ್ದು 38-31, ಬರೀ ಏಳು ಪಾಯಿಂಟು. ಪೇಪರಲ್ಲಿ ಅದು ಇನ್ನೊಂದು ಸೋಲು. 1998ರ ನವೆಂಬರ್ 14ಕ್ಕೆ ಅದೇ ನೆಬ್ರಾಸ್ಕಾ ಮ್ಯಾನ್‌ಹ್ಯಾಟನ್‌ಗೆ ಬಂತು, 40-30, 30 ವರ್ಷದಲ್ಲಿ ಮೊದಲ ಗೆಲುವು, ಜನ ಮೈದಾನಕ್ಕೆ ನುಗ್ಗಿ ಗೋಲ್ ಕಂಬ ಕಿತ್ರು. 1991ರಲ್ಲಿ ಆ ಏಳು ಪಾಯಿಂಟಲ್ಲಿ ಸೋತ ಹುಡುಗರು ಅಷ್ಟೊತ್ತಿಗೆ ಡಿಗ್ರಿ ಮುಗಿಸಿ ಎಲ್ಲೆಲ್ಲೋ ಕೆಲಸಕ್ಕೆ ಸೇರಿದ್ರು.